ಒಂದನೇ ಕುರ್ಚಿಯ ಪಕ್ಕದಲ್ಲಿ

ಹಾರ್ನ್ ಮೇಷ್ಟ್ರು ವಾದ್ಯವೃಂದ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಊದಿ ಊದಿ ತುಟಿಯ ಮೇಲೆ ಉಂಗುರದಂಥ ಗುರುತು ಬಿದ್ದಿತ್ತು, ಮುಂದಿನ ಹಲ್ಲು ಸಡಿಲಾಗಿತ್ತು. ಹಾರ್ನಿನವರಲ್ಲಿ ಮುಖ್ಯರಾದವರು ಕೂರುವ ಒಂದನೇ ಕುರ್ಚಿ ಮಾತ್ರ ಸಿಕ್ಕಿರಲಿಲ್ಲ. ಬೆಳಗ್ಗೆ ತಾಲೀಮು, ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ. ಆ ಸುರುಳಿ ಹಿತ್ತಾಳೆಗೆ ಉಸಿರು ತುಂಬುವುದನ್ನು ಅವರಷ್ಟು ಚೆನ್ನಾಗಿ ಕಲಿಸುವವರು ಇನ್ನೊಬ್ಬರಿರಲಿಲ್ಲ. ಅದೇ ಮುಳುವಾಯಿತು. ಹಳೆಯ ಒಂದನೆಯವರು ನಿವೃತ್ತರಾದಾಗ, ಮುಖ ಕಾಣದಂತೆ ಪರದೆಯ ಹಿಂದೆ ಕೂರಿಸಿ ಪರೀಕ್ಷೆ ಮಾಡಿದರು. ಮೇಷ್ಟ್ರೂ ಊದಿದರು. ಗೆದ್ದವಳು ಗುಬ್ಬಿ, ಒಂಬತ್ತನೇ ವಯಸ್ಸಿನಿಂದ ಅವರೇ ತಿದ್ದಿ ತೀಡಿದ ಶಿಷ್ಯೆ.

ಮೇಷ್ಟ್ರಿಗೆ ಅವಳ ಪಕ್ಕದ ಸಹಾಯಕನ ಕುರ್ಚಿ. ಎಲ್ಲರೂ ಜೋರಾಗಿ ಊದುವ ಕಡೆ ಅವಳ ಬದಲು ಇವರು ಊದಬೇಕು; ಅವಳು ತುಟಿಗೆ ಬಿಡುವು ಕೊಟ್ಟು, ಆಮೇಲೆ ಒಬ್ಬಳೇ ನುಡಿಸುವ ರಾಗಕ್ಕೆ ತಯಾರಾಗಬೇಕು. ಹೊರೆ ಇವರದು, ಚಪ್ಪಾಳೆ ಅವಳದು. ಅಂಥ ಕುರ್ಚಿಗೆ ಬೆಂಕಿ ಬೀಳ!

"ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಕಣೇ," ಎಂದು ಊಟಕ್ಕೆ ಕೂತಾಗ ತಟ್ಟೆ ಕುಕ್ಕಿದರು.

"ಹೊಟ್ಟೆಕಿಚ್ಚು ನಿಮ್ದು, ಪಾತ್ರೆ ನಂದು. ಅದನ್ನ್ಯಾಕೆ ಬಡೀತೀರಿ?" ಎಂದಳು ಹೆಂಡತಿ.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ಜೋರು ಭಾಗ ಬಂತು. ಗುಬ್ಬಿ ಹಾರ್ನ್ ಇಳಿಸಿದಳು. ಮೇಷ್ಟ್ರು ತಮ್ಮದನ್ನು ತೊಡೆಯಿಂದ ಎತ್ತಲೇ ಇಲ್ಲ. ಅವಳು ಒಮ್ಮೆ ತಿರುಗಿ ನೋಡಿ, ಮರುಕ್ಷಣ ತಾನೇ ಊದತೊಡಗಿದಳು. ತನ್ನ ರಾಗ ಬರುವಷ್ಟರಲ್ಲಿ ತುಟಿ ಸೋತಿತ್ತು. ಮೇಲಿನ ಸ್ವರಕ್ಕೆ ಹೋದಳು, ಒಡೆಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷ.

ಮುಗಿದದ್ದೇ, ಕೋಲು ಹಿಡಿದು ವೃಂದ ನಡೆಸುವ ಯಜಮಾನರು ಹಾರಾಡುತ್ತ ಬಂದರು. "ಏನಾಯ್ತಮ್ಮ ನಿಂಗೆ? ಇವರು ಪಕ್ಕದಲ್ಲಿ ಕೂತಿದ್ದು ಬೀಸಣಿಗೆ ಬೀಸೋಕಾ?"

"ನಂದೇ ತಪ್ಪು ಸರ್. ನಾನೇ ಊದ್ತೀನಿ, ಬಿಡಿ ಅಂದಿದ್ದೆ. ಜಂಭ."

ಯಜಮಾನರು ಗೊಣಗುತ್ತ ಹೋದ ಮೇಲೆ ಮೇಷ್ಟ್ರು ಗದರಿದರು. "ಸುಳ್ಳು ಯಾಕೆ ಹೇಳ್ದೆ? ಕರುಣೆನಾ?"

"ಕರುಣೆನೂ ಇಲ್ಲ, ಗಿರುಣೆನೂ ಇಲ್ಲ ಮೇಷ್ಟ್ರೇ. ನಾಳೇನೂ ಇದೇ ನುಡಿಸ್ಬೇಕು. ನಿಮ್ಮನ್ನ ತೆಗೆದ್ರೆ ಇನ್ನ್ಯಾರನ್ನ ಕೂರಿಸ್ಕೊಳ್ಲಿ? ನಾಳೆ ಹಾರ್ನ್ ಎತ್ತೋ ಹಾಗಿದ್ರೆ ಈಗ್ಲೇ ಹೇಳಿ."

ಮೇಷ್ಟ್ರು ಹಾರ್ನಿನ ಪೆಟ್ಟಿಗೆ ಮುಚ್ಚಿ ಹೊರಟರು.

ಮರುದಿನ ಜೋರು ಭಾಗಕ್ಕೆ ಎರಡು ಎಣಿಕೆ ಮೊದಲೇ ಹಾರ್ನ್ ಎತ್ತಿ, ಕೆನ್ನೆ ನೋಯುವವರೆಗೆ ಊದಿದರು. ಆಮೇಲೆ ಅವಳ ರಾಗ ಎದ್ದಿತು; ಎಲ್ಲೂ ಒಡೆಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಟ್ಟಲಿಲ್ಲ. ತಲೆ ತಗ್ಗಿಸಿ ಊದಿದ ಉಸಿರಿನಿಂದ ಹಾರ್ನಿನೊಳಗೆ ನಿಂತ ನೀರು ಬಸಿಯುತ್ತ ಕೂತರು, ಹೊಟ್ಟೆ ಧಗಧಗ ಉರಿಯುತ್ತಲೇ ಇತ್ತು.