ಹಲ್ಲು ಮೂಡಿದ ಉಗುರು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತೆ, ಪ್ರತಿ ಸಲವೂ ಮುಂದಕ್ಕೆ ಹಾಕಿದೆ. ಈಗ ವಯಸ್ಸಾಯಿತು, ಇನ್ನು ತಡಮಾಡಬಾರದು.

ಆಗಿನ್ನೂ ನಗರದ ಅಂಚಿನಲ್ಲಿದ್ದ ಹೊಸಹಳ್ಳಿಯ ನಮ್ಮ ಬೀದಿಗೆ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿಗೆ. ನಡುಮನೆಯಲ್ಲಿ, ನೆಲದ ಗುಂಡಿಗೆ ಕಾಲಿಳಿಬಿಟ್ಟು ಕೂತು ನೇಯುವ ಅಪ್ಪನ ಗುಂಡಿಮಗ್ಗ. ಬಣ್ಣದ ರೇಷ್ಮೆಯ ಹಸಿ ವಾಸನೆಗೆ ಒಲೆಯ ಮೇಲಿನ ಹುರುಳಿ ಸಾರಿನ ವಾಸನೆ ಬೆರೆಯುತ್ತಿತ್ತು. ಹೆಂಚಿನ ಸಂದಿಯ ಬಿಸಿಲು ಮಗ್ಗಕ್ಕೆ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳ ಮೇಲೆ ಬಿದ್ದರೆ ಮನೆಯೊಳಗೊಂದು ಕೆರೆ ಹೊಳೆದಂತಿರುತ್ತಿತ್ತು.

ಹಾಸು ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಆ ಕೆಲಸಕ್ಕೆ ಬರುತ್ತಿದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಎಳೆ ಜಾರದಂತೆ ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯುತ್ತಲೇ ನನಗೆ ಒಗಟು ಹಾಕುತ್ತಿದ್ದಳು. ಬೀದಿಯ ಅಷ್ಟೂ ಮಗ್ಗಗಳಿಗೆ ಅವಳೊಬ್ಬಳೇ. ಅವಳ ಅನ್ನವೂ ಅದೊಂದೇ.

ಆ ಬೇಸಗೆಯಲ್ಲಿ ಪೇಟೆಯ ವ್ಯಾಪಾರಿಯೊಬ್ಬರು ಜಪಾನಿನ ಮುದುಕ ನೇಕಾರರೊಬ್ಬರನ್ನು ಮಗ್ಗ ತೋರಿಸಲು ಕರೆತಂದರು. ಅವರು ಕೈ ಚಾಚಿದರು. ಉಗುರಿನ ಅಂಚನ್ನು ಗರಗಸದ ಹಲ್ಲಿನಂತೆ ಅರದಿಂದ ಕೊರೆದಿದ್ದರು. ಅವರ ಊರಿನಲ್ಲಿ ಬಣ್ಣದ ರೇಷ್ಮೆ ಎಳೆಯನ್ನು ಆ ಉಗುರಿನಿಂದಲೇ ಬಾಚಿ ಕೂರಿಸುತ್ತಾರಂತೆ.

“ಅಯ್ಯೋ, ಆ ಉಗುರಲ್ಲಿ ಮುದ್ದೆ ಹೆಂಗ್ ಮುರೀತಾರಣ್ಣ?” ಎಂದಳು ಅಕ್ಕ.

“ಸುಮ್ನಿರಮ್ಮ, ಅವ್ರಿಗೆ ಅರ್ಥ ಆಗ್ಬಿಟ್ಟೀತು,” ಎಂದು ಅಪ್ಪ ನಕ್ಕರು.

ನನಗೆ ಮಾತ್ರ ಆ ಉಗುರೇ ಕನಸಿನಲ್ಲೂ ಬಂತು. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅಪ್ಪನ ಅರ ತೆಗೆದು ನನ್ನ ಉಗುರಿಗೂ ಹಲ್ಲು ಮೂಡಿಸಿಕೊಂಡೆ. ಗುಂಡಿಗಿಳಿದು ಕೂತೆ. ಅಕ್ಕ ಅಂದು ಬೆಳಿಗ್ಗೆಯಷ್ಟೇ ಸೇರಿಸಿ ಮುಗಿಸಿದ್ದ ಹಾಸಿನೊಳಗೆ ಕೆಂಪು ಎಳೆಯೊಂದನ್ನು ಹಾಯಿಸಿ ಮೆಲ್ಲಗೆ ಬಾಚಿದೆ. ಇನ್ನೊಮ್ಮೆ ಬಾಚಿದೆ. ಟಪ್ ಟಪ್ ಎಂದು ಎಳೆಗಳು ಹರಿದವು, ಅಂಗೈಯಗಲ. ಗುಂಡಿಯಿಂದ ಹತ್ತಿ ಮೂಲೆಗೆ ಸರಿದೆ.

“ಏನಮ್ಮ ಇದು? ಮದ್ವೆ ಸೀರೆ ಕಣಮ್ಮ! ಹಿಂಗಾ ಹೊಸೆಯೋದು?” ಊಟ ಮುಗಿಸಿ ಬಂದ ಅಪ್ಪ ಅಕ್ಕನ ಮೇಲೆ ಕೂಗಾಡಿದರು.

“ನಾನ್ ಹೊಸೆದಿದ್ದು ಬಿಚ್ಕೊಳಲ್ಲ ಅಣ್ಣ.”

“ಹಂಗಾದ್ರೆ ದೆವ್ವ ಬಂದು ಕಿತ್ತಾಕ್ತಾ?”

ಅಕ್ಕ ನನ್ನ ಕೈ ನೋಡಿದಳು. ಮುಷ್ಟಿ ಬಿಗಿದೆ. ಅಷ್ಟರಲ್ಲಿ ಅವಳು ಉಗುರನ್ನು ಕಂಡಾಗಿತ್ತು. ತನ್ನ ಬೂದಿಯ ಡಬ್ಬಿ ಎತ್ತಿಕೊಂಡಳು. “ಬರ್ತೀನಣ್ಣ,” ಎಂದು ಮೆಟ್ಟಿಲಿಳಿದಳು.

ಅಪ್ಪನ ಮಾತು ಬೀದಿಯಲ್ಲೆಲ್ಲ ಹಬ್ಬಿತು. ಮತ್ತೆ ಯಾರೂ ಅವಳನ್ನು ಕರೆಯಲಿಲ್ಲ. ಶ್ರಾವಣದ ಹೊತ್ತಿಗೆ ಅವಳ ಮನೆಗೆ ಬೀಗ ಬಿದ್ದಿತ್ತು.

ಈಗ ನಮ್ಮ ಮನೆಯಿದ್ದಲ್ಲಿ ಮೊಬೈಲ್ ಅಂಗಡಿ. ಆಚೆ ರಸ್ತೆಯ ಮೇಲೆ ಮೆಟ್ರೋ ಹಾದುಹೋಗುವ ಸದ್ದು ಕೆಲವೊಮ್ಮೆ ಮಗ್ಗದ ಲಾಳಿಯ ಸದ್ದಿನಂತೆ ಕೇಳಿಸಿ ತಿರುಗಿ ನೋಡುತ್ತೇನೆ. ಬೀದಿಯಲ್ಲಿ ಒಂದು ಮಗ್ಗವೂ ಉಳಿದಿಲ್ಲ. ಮಗ್ಗಗಳು ಹೋದದ್ದಕ್ಕೆ ಕಾಲವನ್ನು ದೂರಬಹುದು. ಅಕ್ಕ ಹೋದದ್ದಕ್ಕೆ ಯಾರನ್ನು ದೂರಲಿ? ಇಂದಿಗೂ ಉಗುರನ್ನು ನೋಯುವಷ್ಟು ಮೋಟಾಗಿ ಕತ್ತರಿಸಿಕೊಳ್ಳುತ್ತೇನೆ.

ಅಕ್ಕ ಎನ್ನುವ ಮರೆಯಲ್ಲಿ ಇಷ್ಟು ವರ್ಷ ಅವಳ ಹೆಸರನ್ನೂ ನುಂಗಿಕೊಂಡಿದ್ದೆ. ಪುಟ್ಟನಂಜಮ್ಮ.