ಮರಾಠಿ ಬಾರದ ಮೀನು

ಮಾವಶಿಯ ಬಲಗೈ ಮೊಳಕೈವರೆಗೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಹಿಟ್ಟು ನಾದಿದ ಕೈಯಲ್ಲ ಅದು, ಉಪ್ಪು ಒಣಗಿದ ಕೈ. ಹಸಿರು ಬಳೆಗಳ ಸಂದಿನಲ್ಲೂ ಉಪ್ಪು ಹರಳುಗಟ್ಟಿ, ಕೈ ಆಡಿಸಿದರೆ ಬಳೆಗಳು ಖಣಖಣ ಎನ್ನದೆ ಕರಕರ ಎನ್ನುತ್ತಿದ್ದವು. ಸಾಂಗ್ಲಿಯ ವಿಶ್ರಾಮಬಾಗದ ತಮ್ಮ ಮನೆಯ ಪಡಸಾಲೆಯಲ್ಲಿ ಮಾವಶಿ ಒಂದು ಗಾಜಿನ ತೊಟ್ಟಿಯಷ್ಟು ಸಮುದ್ರವನ್ನು ಸಾಕಿಕೊಂಡಿದ್ದರು. ಅದೇ ಮನೆಯ ಮೇಲಿನ ಮಹಡಿಯಲ್ಲಿ ನಾವು ಬಾಡಿಗೆಗೆ ಇದ್ದೇವೆ. ಅವರು ನನಗೆ ಮಾಡಿದ ಉಪಕಾರ ದೊಡ್ಡದು. ಅದನ್ನು ಹೇಳುವ ಮೊದಲು ಇನ್ನೊಂದನ್ನು ಹೇಳಿಬಿಡುತ್ತೇನೆ: ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿದ್ದಾಗಲೂ ಇತ್ತು, ಈಗಲೂ ಇದೆ.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಓಣಿಗೆಲ್ಲ ಅವರು ಮಾವಶಿ. ಜೈನರು, ತವರು ಮಿರಜ ಕಡೆಯ ಆರಗ, ಮನೆಮಾತು ಕನ್ನಡ. ಅವರ ಗಂಡನನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಕಾಕಾಗೆ ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇದೆ. ದೋಣಿಯ ಇಂಜಿನ್ನಿನ ಬಿಡಿಭಾಗ ಮಾಡಿ, ತಾವೇ ಟೆಂಪೋದಲ್ಲಿ ರತ್ನಾಗಿರಿಗೆ ಒಯ್ದು ಕೊಡುತ್ತಿದ್ದರು. ಒಮ್ಮೆ ಬರುವಾಗ ಮೊಮ್ಮಗನಿಗೆ ತೋರಿಸಲೆಂದು ದಂಡೆಯಿಂದ ತೂತುತೂತಿನ ಒಂದು ಕಲ್ಲನ್ನು ಬಕೆಟ್ಟಿನಲ್ಲಿ ಸಮುದ್ರದ ನೀರಿನೊಂದಿಗೇ ತಂದರು. ಮನೆಯಲ್ಲಿ ಇಳಿಸಿ ನೋಡಿದರೆ ಕಲ್ಲಿನ ತೂತಿನಿಂದ ಮೀನೊಂದು ಇಣುಕುತ್ತಿತ್ತು. ಬೆರಳುದ್ದ, ಕೆಸರು ಬಣ್ಣ, ಕಪ್ಪೆಯ ಹಾಗೆ ಉಬ್ಬಿದ ಕಣ್ಣು. ಸೋಸದೆ ನೀರು ಕುಡಿಯದ ಮನೆಗೆ ಜೀವಂತ ಮೀನು ಬಂದು ಕೂತಿತು. ಕೊಲ್ಲುವಂತಿಲ್ಲ, ಚೆಲ್ಲುವಂತಿಲ್ಲ.

"ಎಲ್ಲಿಂದ ತಂದೀರಿ, ಅಲ್ಲೇ ಬಿಟ್ಟು ಬರ್ರಿ" ಎಂದು ಮಾವಶಿ ಹಟ ಹಿಡಿದರು. ಆದರೆ ಮಳೆಗೆ ಘಾಟಿನಲ್ಲಿ ಗುಡ್ಡ ಜರಿದು ರತ್ನಾಗಿರಿಯ ದಾರಿ ಮುಚ್ಚಿತ್ತು. ದಾರಿ ತೆರೆಯುವ ಹೊತ್ತಿಗೆ ಬಕೆಟ್ಟು ಹೋಗಿ ಗಾಜಿನ ತೊಟ್ಟಿ ಬಂದಿತ್ತು, ಮಾವಶಿಯ ಮಾತೂ ಬದಲಾಗಿತ್ತು. "ಅದಕ್ಕ ಈಗ ಇದ ಮನಿ. ಯಾರನೂ ಹಂಗ ಮನಿ ಬಿಡಸಬಾರದು." ಅಲ್ಲಿಂದ ಮುಂದೆ ಕಾಕಾ ರತ್ನಾಗಿರಿಗೆ ಹೋದಾಗಲೆಲ್ಲ ಕ್ಯಾನುಗಟ್ಟಲೆ ಸಮುದ್ರದ ನೀರು ಹೊತ್ತು ತರಬೇಕಾಯಿತು. ಪಾಪ, ಮೊಮ್ಮಗನಿಗೆ ಆ ಮೀನು ಎರಡೇ ದಿನಕ್ಕೆ ಬೇಸರವಾಗಿತ್ತು.

ತೊಟ್ಟಿಗೆ ನೀರು ಬೆಚ್ಚಗಿಡುವ ಹೀಟರ್ ಇರಲಿಲ್ಲ. ಬಂದವರಿಗೆಲ್ಲ ಮಾವಶಿ ಅದನ್ನು ಹೇಳಲೇಬೇಕು. ಚಹಾ ಕೊಡುವ ಮೊದಲೇ ಶುರು: "ಹೀಟರ್ ಹಾಕಿಲ್ರಿ ನಾವು. ದಂಡಿ ಮ್ಯಾಲಿನ ಕಲ್ಲಾಗ ಇರೂ ಮೀನು, ಬಿಸಲೂ ಕಂಡೈತಿ, ಥಂಡೀನೂ ಕಂಡೈತಿ." ಮಗಳು ಡಾಕ್ಟರಾದಳು ಎನ್ನುವವರ ಗತ್ತು ಆ ಮಾತಿನಲ್ಲಿ ಇರುತ್ತಿತ್ತು. ಆದರೂ ಚಳಿಗಾಲದ ಸಂಜೆ ತೊಟ್ಟಿಗೆ ತಮ್ಮ ತಾಯಿ ಹೊಲಿದ ಕೌದಿ ಸುತ್ತುತ್ತಿದ್ದರು. ಬೆಳಿಗ್ಗೆ ಬಿಸಿಲು ಒಳಗೆ ಬಂದ ಮೇಲೆಯೇ ಬಿಚ್ಚುವುದು. ಬೇಸಿಗೆಯಲ್ಲಿ ಮನೆಯ ಒಂದೇ ಟೇಬಲ್ ಫ್ಯಾನು ನೀರಿನ ಕಡೆಗೆ ತಿರುಗಿರುತ್ತಿತ್ತು. ಕಾಕಾ ಬನಿಯನ್ನಿನಲ್ಲಿ ಬೆವರುತ್ತ, "ಮುಂದಿನ ಜನ್ಮಕ್ಕ ನಾನೂ ಮೀನಾಗಿ ಇದ ಮನಿಗೆ ಬರ್ತೀನಿ" ಎನ್ನುತ್ತಿದ್ದರು. ಕರೆಂಟು ಹೋದರೆ ಮಾವಶಿ ಚಹಾ ಆರಿಸುವ ಹಾಗೆ ತಂಬಿಗೆಯಿಂದ ನೀರನ್ನು ಎತ್ತಿ ಎತ್ತಿ ಹೊಯ್ಯುತ್ತಿದ್ದರು. ಉಪ್ಪು ಮೊಳಕೈ ಹತ್ತುತ್ತಿದ್ದುದು ಹಾಗೆ.

ಗಾಜಿನ ಮೇಲೆ ಕೆಂಪು ನೇಲ್ ಪಾಲಿಶಿನ ಒಂದು ಗೆರೆ ಎಳೆದಿದ್ದರು. ನೀರು ಆವಿಯಾಗಿ ಗೆರೆಯಿಂದ ಇಳಿದರೆ ಹಿಂದಿನ ದಿನ ಸೋಸಿಟ್ಟ ಸಿಹಿನೀರು ಹಾಕುವುದು. ಉಪ್ಪುನೀರು ಹಾಕಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಉಪ್ಪು ಎಲ್ಲಿ ಹೋಗೈತ್ರಿ? ಹೋಗಿದ್ದು ನೀರ ಅಷ್ಟ" ಎಂದಿದ್ದರು. ಮೀನು ಕಲ್ಲಿನ ಪಾಚಿ ಕೆರೆದು ತಿನ್ನುವ ಜಾತಿ, ಮೇಲೆ ಬೆಂದ ಪಾಲಕ್ ಎಲೆ. "ನಮ್ಮ ಮೀನ ಶಾಕಾಹಾರಿ" ಎಂದು ಅದಕ್ಕೂ ಒಂದು ಗತ್ತು. ಹೊತ್ತು ಮುಳುಗಿದ ಮೇಲೆ ಮಾವಶಿಯೂ ಉಣ್ಣುತ್ತಿರಲಿಲ್ಲ, ಮೀನಿಗೂ ಹಾಕುತ್ತಿರಲಿಲ್ಲ. ಚಾತುರ್ಮಾಸದಲ್ಲಿ ಮಾತ್ರ ತಾವು ಸೊಪ್ಪು ಬಿಟ್ಟರೂ ಅದಕ್ಕೆ ಬಿಡಿಸುತ್ತಿರಲಿಲ್ಲ. "ವ್ರತ ನಮದು. ಅದಕ್ಯಾಕ ಉಪಾಸ?"

ಆರಗದಲ್ಲಿ ಅವರ ತಾಯಿ ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಅದೇ ಬಾವಿಯ ನೀರಿನಲ್ಲಿ ಜಾಲಿಸಿ, ಬಟ್ಟೆಗೆ ಅಂಟಿದ ಜೀವಗಳನ್ನು ಮರಳಿ ಬಾವಿಗೇ ಬಿಡುತ್ತಿದ್ದರಂತೆ. ಮಾವಶಿ ತೊಟ್ಟಿಗೂ ಅದನ್ನೇ ಮಾಡುತ್ತಿದ್ದರು. ಕೊಳೆ ಹಿಡಿಯುವ ಸ್ಪಂಜನ್ನು ಎಂದೂ ನಲ್ಲಿಯ ಕೆಳಗೆ ಹಿಡಿಯಲಿಲ್ಲ. ತೊಟ್ಟಿಯ ನೀರನ್ನೇ ಬೋಗುಣಿಗೆ ತೆಗೆದು ಅದರಲ್ಲಿ ಹಿಂಡುತ್ತಿದ್ದರು, ಕೊಳೆ ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ತೊಟ್ಟಿಗೇ ಸುರಿಯುತ್ತಿದ್ದರು. ನನಗೆ ಅದನ್ನು ನೋಡಿದರೆ ಹೇಸಿಗೆಯಾಗುತ್ತಿತ್ತು.

ಇನ್ನು ನನ್ನ ಸಂಗತಿ. ನಾನು ಅಥಣಿ ಕಡೆಯವಳು, ಗಡಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿ ಬರುವವಳ ಮನೆಯಲ್ಲೇ ಕನ್ನಡ ಇರಲಿಲ್ಲ. ಗಂಡನ ಕಡೆಯವರು ಅಜ್ಜನ ಕಾಲಕ್ಕೇ ಮರಾಠಿಗೆ ಹೊರಳಿದವರು. ಇದ್ದೊಬ್ಬಳು ಮಗಳು ನಾನು ಕನ್ನಡದಲ್ಲಿ ಕರೆದರೆ "ಆಲೇ ಆಈ, ಥಾಂಬ ನಾ" ಎನ್ನುವಳು; ಬಂದೆ ಅಮ್ಮ, ತಾಳು ಎನ್ನುವುದೂ ಮರಾಠಿಯಲ್ಲೇ. ಅವಳಿಗೆ ಎಲ್ಲ ತಿಳಿಯುತ್ತಿತ್ತು, ಕನ್ನಡದ ಒಂದು ಶಬ್ದವೂ ಬಾಯಿಂದ ಹೊರಡುತ್ತಿರಲಿಲ್ಲ. ಗದರಿಸಿದೆ, ಪುಸಲಾಯಿಸಿದೆ, ಚಾಕಲೇಟು ತೋರಿಸಿದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಶಾಲೆಯಲ್ಲಿ ಜೊತೆಯ ಶಿಕ್ಷಕರು ನಗುತ್ತಿದ್ದರು. ನನ್ನ ತಾಯಿ ಫೋನಿನಲ್ಲಿ ಮೊಮ್ಮಗಳ ಧ್ವನಿ ಕೇಳಬೇಕೆಂದರೆ ನಾನು ನಡುವೆ ನಿಂತು ದುಭಾಷಿಯಾಗಬೇಕಿತ್ತು.

ಅವಳು ಮೂರನೇ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಬಸ್ಸಿಳಿದು ಬಂದು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಪಡಸಾಲೆಯಿಂದ ಧ್ವನಿ ಕೇಳಿತು: "ಏ, ಬಾ ಹೊರಗ. ಪಾಲಕ್ ತಂದೀನಿ. ಯಾಕ ಸಿಟ್ಟ ಬಂತು? ನಾ ಏನ ಮಾಡೇನಿ?"

ಅದು ನನ್ನ ಮಗಳು. ಗಾಜಿಗೆ ಮೂಗು ಒತ್ತಿಕೊಂಡು ಆ ಕೆಸರು ಬಣ್ಣದ ಮೀನಿನ ಜೊತೆ ಮಾತಾಡುತ್ತಿದ್ದಳು. ಪಕ್ಕದಲ್ಲಿ ಮಾವಶಿ ಸೊಪ್ಪು ಸೋಸುತ್ತ ಕೂತಿದ್ದರು. ನನಗೆ ಸಂತೋಷವಾಗಬೇಕಿತ್ತು. ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಮಾರನೆಯ ದಿನ ಮಾವಶಿಯನ್ನು ಕೇಳಿದೆ, ಇದು ಹೇಗಾಯಿತೆಂದು. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. "ಮೀನಿಗೆ ಮರಾಠಿ ತಿಳಿಯೂದಿಲ್ಲ ಅಂತ ಹೇಳೇನಿ ಅಕಿಗೆ. ಮದಲ ಬರೇ ಕೈಸನ್ನಿ ಮಾಡ್ತಿದ್ಲು. ಮೀನ ಹೊರಗ ಬರಲಿಲ್ಲ. ಆಮ್ಯಾಲೆ ಬಾಯಿ ಬಿಟ್ಲು ನೋಡ್ರಿ!"

ರತ್ನಾಗಿರಿಯಲ್ಲಿ ಹುಟ್ಟಿದ ಮೀನಿಗೆ ಮರಾಠಿ ಬರುವುದಿಲ್ಲವಂತೆ, ಕನ್ನಡ ಬರುತ್ತದಂತೆ! ತರಕಾರಿಯವನ ಜೊತೆ ಮರಾಠಿಯಲ್ಲೇ ಜಗಳಾಡಿ ಹಿಡಿ ಕೊತ್ತಂಬರಿ ಹೆಚ್ಚಿಗೆ ತರುವವರು ಮಗುವಿಗೆ ಹೀಗೆ ಹಸಿಹಸಿ ಸುಳ್ಳು ಹೇಳಿದ್ದರು. ದಿನ ತಪ್ಪದೆ ಬಸದಿಗೆ ಹೋಗಿ ಬರುವವರು ಬೇರೆ. ಅಂಥದೊಂದು ಸುಳ್ಳು ಕನ್ನಡ ಶಾಲೆಯ ಬಾಯಾರು ಎನ್ನಿಸಿಕೊಂಡ ನನಗೆ ಹೊಳೆಯಲಿಲ್ಲವಲ್ಲ ಎಂಬುದೇ ನನ್ನ ಸಂಕಟ. ಅವರಿಗೆ ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಗ, ತುಂಬಿದ ಮನೆ. ಇದ್ದೊಬ್ಬಳು ನನ್ನ ಮಗಳೂ ಅವರಿಗೇ ಬೇಕಿತ್ತೇ? ಶಾಲೆ ಬಿಟ್ಟೊಡನೆ ಅವಳು ಕೆಳಗೆ. ಊಟಕ್ಕೆ ಕೂಗಿದರೆ ಮೇಲೆ. ಮೆಟ್ಟಿಲು ಹತ್ತುವಾಗಲೇ ಎಲ್ಲೋ ನಡುವೆ ಅವಳ ಬಾಯಿ ಮರಾಠಿಗೆ ತಿರುಗಿರುತ್ತಿತ್ತು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ನಾನೂ ಒಂದು ತೊಟ್ಟಿ ತಂದೆ. ಮಾವಶಿಯದಕ್ಕಿಂತ ದೊಡ್ಡದು, ನೀಲಿ ದೀಪದ್ದು, ಹೀಟರ್ ಇದ್ದದ್ದು. ಪಾಕೀಟಿನ ಸಮುದ್ರದ ಉಪ್ಪು ಕಲಸಿ, ಅಂಗಡಿಯವನು ಹೇಳಿದಷ್ಟು ದಿನ ಕಾದು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು ಬಿಟ್ಟೆ. ಮಾವಶಿಯ ಮೀನು ಅವುಗಳ ಮುಂದೆ ಹಳೇ ಚಪ್ಪಲಿಯ ತುಂಡು. ಮಗಳು ಕುಣಿದಾಡಿಬಿಟ್ಟಳು. ಕೆಳಗೆ ಹೋಗುವುದು ಕಡಿಮೆಯಾಯಿತು. ನಾನು ಮೀನಿಗೆ ಊಟ ಹಾಕುತ್ತ ಅವಳಿಗೆ ಕೇಳುವ ಹಾಗೆ ಕನ್ನಡದಲ್ಲಿ ಮುದ್ದಿಸುತ್ತಿದ್ದೆ. ಮಗಳು ಮಾತ್ರ ಅವುಗಳ ಜೊತೆ ಅಚ್ಚ ಮರಾಠಿ. ಕಡೆಗೆ ತಡೆಯದೆ ಕೇಳಿದೆ, ಕೆಳಗಿನ ಮೀನಿಗೆ ಕನ್ನಡ, ಇವಕ್ಕೇಕೆ ಮರಾಠಿ ಎಂದು. ಅವಳು ಮರಾಠಿಯಲ್ಲೇ ತಿಳಿಹೇಳಿದಳು: ಇವು ಸಾಂಗ್ಲಿ ಅಂಗಡಿಯ ಮೀನು, ಇವಕ್ಕೆ ಮರಾಠಿ ಬರುತ್ತದೆ. ನನ್ನ ಗಂಡ ನಕ್ಕ ನಗು ಕೆಳಗಿನವರೆಗೂ ಕೇಳಿರಬೇಕು.

ಆಮೇಲೆ ನವರಾತ್ರಿ ಬಂತು. ದೇವಿಯ ಘಟ ಕೂಡಿಸುವ ಮೊದಲು ಈ ಕಡೆ ಮನೆಯಲ್ಲಿ ತೊಳೆಯದ ವಸ್ತು ಒಂದೂ ಉಳಿಯಬಾರದು. ಹಾಸಿಗೆ, ಹೊದಿಕೆ, ಡಬ್ಬಿ, ಗೋಡೆ, ಎಲ್ಲವೂ ನೀರು ಕಾಣಬೇಕು. ಕೃಷ್ಣೆಯ ದಂಡೆಯಲ್ಲಿ ಬಟ್ಟೆ ಒಗೆಯುವವರ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ನಾನು ತೊಳೆಯಲು ನಿಂತರೆ ಅರ್ಧಕ್ಕೆ ಬಿಡುವವಳಲ್ಲ. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ತೊಟ್ಟಿಯ ಕಲ್ಲು, ಮರಳು, ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ಬ್ರಶ್ ಹಚ್ಚಿ ತಿಕ್ಕಿದೆ. ಹೊಸ ಉಪ್ಪುನೀರು ತುಂಬಿದೆ. ಗಾಜು ಫಳಫಳ ಹೊಳೆಯಿತು. ಹಬ್ಬ ಮುಗಿದು ಘಟ ಇಳಿಸುವ ಮೊದಲೇ ಎರಡೂ ಮೀನು ಮಗ್ಗುಲಾಗಿ ತೇಲಿದವು. ಹೀಟರಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು.

ಮಗಳು ನನ್ನ ಮುಂದೆ ಅಳಲಿಲ್ಲ. ಕೆಳಗೆ ಹೋಗಿ ಅತ್ತಳು. ಸ್ವಲ್ಪ ಹೊತ್ತಿಗೆ ಮಾವಶಿ ಮಂಡಿ ಹಿಡಿದುಕೊಂಡು ಮೇಲೆ ಬಂದರು.

"ಕಲ್ಲು, ಸ್ಪಂಜು ಯಾವ ನೀರಾಗ ತೊಳದ್ರಿ?"

"ನಳದ ನೀರಾಗ. ತಿಕ್ಕಿ ತಿಕ್ಕಿ ತೊಳದೇನಿ."

ಸಾವಿನ ಸುದ್ದಿ ಕೇಳಿದವರ ಹಾಗೆ ಮಾವಶಿ ಒಂದು ಕ್ಷಣ ಕಣ್ಣು ಮುಚ್ಚಿದರು. "ಘಟ ಕೂಡ್ಸೂ ಮನಿ, ತೊಳೀಬೇಕಲ್ಲ, ಬಿಡ್ರಿ. ಆದರ ಆ ಹೊಲಸಿನ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವ. ಮೀನದ ಹೊಲಸ ತಿಂದು ನೀರ ಚೊಕ್ಕ ಇಡೂವು ಅವ. ಅವು ಹೋದ್ವು ಅಂದ್ರ ನೀರ ವಿಷ ಆಗತೈತಿ." ಬಾಗಿಲವರೆಗೆ ಹೋಗಿ ನಿಂತರು. ತಿರುಗಿ ಹೇಳಿದರು: "ನಮ್ಮ ತೊಟ್ಟಿ ಮ್ಯಾಲೆ ತಂದ ಇಡ್ತೀನ್ರಿ. ನಿಮ್ಮ ಮನ್ಯಾಗ ಇರಲಿ. ಕೂಸೂ ನಿಮ್ಮ ಮನ್ಯಾಗ ಇರ್ತಾಳ."

ನನ್ನ ಹೊಟ್ಟೆಯೊಳಗಿನದನ್ನೆಲ್ಲ ಅವರು ಗಾಜಿನ ಆಚೆಯಿಂದ ನೋಡಿದಂತೆ ನೋಡಿದ್ದರು. ಕರುಣೆಯಿಂದ ಹೇಳಿದರು ಎಂಬುದೇ ನನಗೆ ಉರಿಗೆ ತುಪ್ಪವಾಯಿತು. "ಬ್ಯಾಡ್ರಿ" ಎಂದೆ. ಅವರು ಮತ್ತೆ ಕೇಳಲಿಲ್ಲ. ನನ್ನ ತೊಟ್ಟಿ ಗೋಧಿ ತುಂಬಿಡಲು ಉಪಯೋಗವಾಯಿತು.

ಮಗಳು ಹೈಸ್ಕೂಲಿಗೆ ಬಂದ ಮೇಲೂ ಕೆಳಗಿನ ಮನೆ ಬಿಡಲಿಲ್ಲ. ಕಳೆದ ಚಳಿಗಾಲ ಮಾವಶಿ ಎದೆನೋವೆಂದು ಮಿರಜಿನ ಆಸ್ಪತ್ರೆ ಸೇರಿದಾಗ ತೊಟ್ಟಿಯ ಎಲ್ಲ ಕೆಲಸ ಅವಳೇ ಹೊತ್ತಳು. ನಾನು ಒಬ್ಬಳೇ ನೋಡಲು ಹೋದೆ. ಕೈಗೆ ಸಲಾಯಿನ್ ಚುಚ್ಚಿದ್ದರು, ಬಳೆ ತೆಗೆಸಿದ್ದರು. ಉಪ್ಪಿಲ್ಲದ ಆ ಕೈ ಬೇರೆ ಯಾರದೋ ಅನ್ನಿಸಿತು. ನನ್ನನ್ನು ಕಂಡೊಡನೆ ಅವರು ಕೇಳಿದ್ದು, "ಕೂಸ ಬಂದಿಲ್ಲ?"

"ಪರೀಕ್ಷಾ ಐತ್ರಿ" ಎಂದೆ. ಅಲ್ಲಿಯೂ ಹೊಟ್ಟೆ ಉರಿಯಿತು, ಸುಳ್ಳೇಕೆ.

"ನಿಮ್ಮ ಜೋಡಿ ಕನ್ನಡ ಮಾತಾಡ್ತಾಳೇನ್ರಿ ಈಗ?"

"ಮಾತಾಡ್ತಾಳ" ಎಂದು ಸುಳ್ಳು ಹೇಳಿದೆ.

ಮಾವಶಿ ನಂಬಲಿಲ್ಲ. ಉಸಿರು ಹಿಡಿದು ಹಿಡಿದು ಹೇಳಿದರು: "ಸಿಟ್ಟಾಗಬ್ಯಾಡ್ರಿ. ನೀವು ಸಾಲಿ ಬಾಯಾರು, ಮಾತ ಮಾತಿಗೆ ತಿದ್ದತೀರಿ. ಮೀನ ತಿದ್ದೂದಿಲ್ಲ. ಅದಕ್ಕ ಅಲ್ಲಿ ಮಾತಾಡ್ತಾಳ. ನಿಮ್ಮ ಮ್ಯಾಲೆ ಮಾಯಾ ಮಮತಾ ಇಲ್ಲಂತಲ್ಲ."

ಅವರಿಗೆ ನೀರು ಕುಡಿಸಿದೆ. ಕಿಟಕಿಯಾಚೆ ಹೊತ್ತು ಇನ್ನೂ ಮುಳುಗಿರಲಿಲ್ಲ. ಅದನ್ನು ನೋಡಿಕೊಂಡೇ ಅವರು ಕುಡಿದರು.

ಅವರು ಆಸ್ಪತ್ರೆಯಲ್ಲೇ ತೀರಿಹೋದ ದಿನ ನಾನು ಅಡುಗೆಮನೆಯಲ್ಲಿ ಚಪಾತಿ ಮಾಡುತ್ತಿದ್ದೆ. ಕೆಳಗೆ ಸೊಸೆ ಗಟ್ಟಿಯಾಗಿ ಅತ್ತದ್ದು ಕೇಳಿತು. ಆಮೇಲೆ ಮೆಟ್ಟಿಲಲ್ಲಿ ಮಗಳ ಹೆಜ್ಜೆ. ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅವ್ವಾ, ಮಾವಶಿ ಹೋದ್ರು."

ಹುಟ್ಟಿದಂದಿನಿಂದ ನನಗೆ ಆಈ ಎನ್ನುತ್ತಿದ್ದವಳು. ನೆಲದ ಮೇಲೆ ಕುಸಿದು ಕೂತು ಮಾತಾಡತೊಡಗಿದಳು, ಎಲ್ಲವೂ ಕನ್ನಡದಲ್ಲಿ. ಮಾವಶಿಗೆ ಗುಡುಗೆಂದರೆ ಹೆದರಿಕೆಯಂತೆ, ಗುಡುಗಿದಾಗೆಲ್ಲ ಇವಳ ಕೈ ಹಿಡಿದು ಕೂಡುತ್ತಿದ್ದರಂತೆ. ಸಣ್ಣವರಿದ್ದಾಗ ಆರಗದಿಂದ ಮಿರಜವರೆಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಬಂದಿದ್ದರಂತೆ. "ನನಗ ಬೈಯೂದೂ ಕಲಿಸ್ಯಾರ ಅವ್ವಾ. ಯಾರಿಗೂ ಹೇಳಬ್ಯಾಡ ಅಂದಿದ್ರು" ಎಂದು ನಕ್ಕಳು, ನಗುವುದರೊಳಗೆ ಅತ್ತಳು, ಮತ್ತೆ ಮಾತಾಡಿದಳು.

ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಅದರಲ್ಲಿ ಎಲ್ಲಿಯೂ ನಾನಿರಲಿಲ್ಲ. ಎಲ್ಲ ಕಡೆ ಅವರೇ ಇದ್ದರು; ಮಗಳು ರಾಗ ಎಳೆಯುವುದೂ ಅವರ ಹಾಗೆಯೇ. ಹೊಟ್ಟೆ ಉರಿಯಿತು, ಅದರ ಹಿಂದೆಯೇ ದುಃಖ ಉಕ್ಕಿ ಬಂತು. ಆದರೆ ನಾನು ಅತ್ತರೆ, ನನ್ನನ್ನು ಸಮಾಧಾನ ಮಾಡಲು ಅವಳೆಲ್ಲಿ ಮರಾಠಿಗೆ ಹೊರಳುವಳೋ ಎಂದು ಹೆದರಿ, ತವೆಯ ಮೇಲೆ ಚಪಾತಿ ಸೀದು ಹೋಗುತ್ತಿದ್ದರೂ ಅಲುಗದೆ ಕೇಳುತ್ತ ನಿಂತೆ.