ಉರಿಗಾಂ ಅದುರಿದರೂ ಜಾರದ ಸೊರುಗು

ಬಂಗಾರಪೇಟೆಯ ಮೊದಲ ರೈಲು ಉರಿಗಾಂ ದಾಟಿ ಹೋದ ಸದ್ದು ಇನ್ನೂ ಅಡಗಿಲ್ಲ. ಗಣಿ ಕಾರ್ಮಿಕರ ಲೈನು ಮನೆಯೊಂದರ ಒಳಗೆ, ಗೋಡೆಗೆ ಬೆನ್ನು ಕೊಟ್ಟು ಕದಿರಪ್ಪ ಆಚಾರಿ ಕೂತಾಗಿದೆ. ಹೆಬ್ಬೆರಳಿನಡಿ ಜಾಲಿಮರದ ಸಪೂರ ಪಟ್ಟಿಯನ್ನು ಒತ್ತಿ ಹಿಡಿದು ಕೀಸುಳಿ ಎಳೆಯುತ್ತಾರೆ. ಈರುಳ್ಳಿ ಸಿಪ್ಪೆಯಂಥ ಸುರುಳಿ ಎದ್ದು ಮಡಿಲಿಗೆ ಬೀಳುತ್ತದೆ. ಅವರ ನೆತ್ತಿಯ ಮೇಲೆ ಒಂದು ಗೋಡೆ ಕಪಾಟು. ಕಪಾಟಿನಲ್ಲಿ ಎಳೆದು ತೆಗೆಯುವ ಒಂದು ಖಾನೆ, ಇಲ್ಲಿಯವರ ಬಾಯಲ್ಲಿ ಸೊರುಗು. ಅದರೊಳಗೆ ಒಂದು ಗುಂಡುಕಲ್ಲು.

“ಭೂಮ್ತಾಯಿ ಇವತ್ತೂ ಬರಲ್ಲಂತೆ ಆಚಾರಿ. ಕಾಪಿ ಕುಡಿ,” ಎನ್ನುತ್ತಾ ಮನೆಯೊಡತಿ ಮಾರಿಯಮ್ಮ ಲೋಟ ಇಡುತ್ತಾರೆ. ಸೊಸೆಯ ಕಡೆ ತಿರುಗಿ, “ಅಳಿಯನ್ನ ಕಾದಂಗೆ ಕಾಯ್ತಾವ್ನೆ ನೋಡು!”

“ಬತ್ತಾಳೆ ಅಮ್ಮಣ್ಣಿ. ನಿಮ್ಮೂರಿಗೆ ಬರ್ದೆ ಎಲ್ಲಿಗೋಯ್ತಾಳೆ?”

ಉರಿಗಾಂನ ಚಿನ್ನದ ಗಣಿಯ ಆಳದಲ್ಲಿ ಆಗಾಗ ಬಂಡೆ ಸಿಡಿಯುತ್ತದೆ. ಮೇಲೆ ಮನೆಗಳು ಗಡಗಡ ಅದುರುತ್ತವೆ. ಆ ಅದುರಿಗಾಗಿಯೇ ಕದಿರಪ್ಪ ಕಾಯುತ್ತಿರುವುದು. ಕಾರಣ, ಕೋಣೆಯ ಇನ್ನೊಂದು ಮೂಲೆಯಲ್ಲಿ ಸೊಸೆಯ ಮಡಿಲಲ್ಲಿದೆ. ಮಾರಿಯಮ್ಮನ ಮೊಮ್ಮಗಳಿಗೆ ಇನ್ನೂ ತಿಂಗಳು ತುಂಬಿಲ್ಲ. ಇರುವುದೊಂದೇ ಕೋಣೆ. ಒಂದು ಕಡೆ ಒಲೆಯ ಹೊಗೆ, ಇನ್ನೊಂದು ಕಡೆ ಬಾಗಿಲಿನ ಶೀತಗಾಳಿ. ಕೂಸು ಬೆಚ್ಚಗೆ ಮಲಗಬಹುದಾದ ಜಾಗ ಈ ಕಪಾಟಿನ ಕೆಳಗೆ ಮಾತ್ರ. ಆದರೆ ಅಜ್ಜಿ ಒಪ್ಪುವುದಿಲ್ಲ. ಹೋದ ವರ್ಷ ನೆಲ ಅದುರಿದಾಗ ಈ ಕಪಾಟಿನ ಹಳೆಯ ಸೊರುಗು ತಾನಾಗಿಯೇ ಹೊರಗೆ ಜಾರಿ, ಅಡಕತ್ತರಿ, ಕೊಡತಿ, ಮೊಳೆಗಳ ಸಮೇತ ಧೊಪ್ಪನೆ ಬಿದ್ದಿತ್ತು. ಆಗ ಕೆಳಗೆ ಯಾರೂ ಇರಲಿಲ್ಲ.

ಅದನ್ನು ಕೂರಿಸಿದ್ದೂ ಕದಿರಪ್ಪನವರೇ. “ಬಂಗಾರಪೇಟೆ ಸೊರುಗು ತಂದು ಉರಿಗಾಂಗೆ ಆಕ್ಬಿಟ್ಟ, ಪುಣ್ಯಾತ್ಮ!” ಮಾರಿಯಮ್ಮ ಇದನ್ನು ಬಂದವರಿಗೆಲ್ಲ ಹೇಳುತ್ತಾರೆ.

ಕದಿರಪ್ಪ ನಗುತ್ತಾರೆ. “ನಮ್ಮೂರಲ್ಲಿ ನೆಲ ನೆಟ್ಟಗೆ ಬಿದ್ದಿರ್ತದೆ. ಇಲ್ಲಿ ಅದೂ ಶಿಫ್ಟಿಗೋಯ್ತದೆ ಅಂತ ನಂಗ್ಯಾರು ಏಳಿದ್ರು?”

ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ನೇಗಿಲು, ಗಾಡಿ ಮಾಡುತ್ತಿದ್ದ ಮನೆತನ ಅವರದು. ತಂದೆ ತೀರಿದ ಮೇಲೆ ಚೀಲದಲ್ಲಿ ಉಳಿ, ಬಾಚಿ, ಗರಗಸ ತುಂಬಿಕೊಂಡು ಬಂಗಾರಪೇಟೆಗೆ ಬಂದರು. ಗಣಿಯ ಲೈನುಗಳಲ್ಲಿ ಕಪಾಟು ಮಾಡಲು ಆಚಾರಿಯನ್ನು ಯಾರೂ ಕರೆಯುವುದಿಲ್ಲ. ಯಂತ್ರ ಬಂದ ಪೆಟ್ಟಿಗೆಗಳ ಹಲಗೆ ತಂದು, ರಜೆಯ ದಿನ ಮನೆ ಯಜಮಾನನೇ ಮೊಳೆ ಹೊಡೆದು ನಿಲ್ಲಿಸುತ್ತಾನೆ. ಸೊರುಗಿನ ಹತ್ತಿರ ಬಂದಾಗ ಕೈ ಸೋಲುತ್ತದೆ. ಆಗ ಕದಿರಪ್ಪನವರಿಗೆ ಕರೆ ಹೋಗುತ್ತದೆ.

ಹಳೆಯ ಸೊರುಗು ಬಿದ್ದಮೇಲೆ ಅವರು ಬೇರೆಯದೇ ದಾರಿ ಹುಡುಕಿದ್ದಾರೆ. ಕಪಾಟಿನ ಒಳಗೆ ಎರಡೂ ಪಕ್ಕಕ್ಕೆ ಜಾಲಿಮರದ ಪಟ್ಟಿ. ಅದರ ಮೇಲೆ ಸೊರುಗು ಜಾರಬೇಕು. ಆ ಪಟ್ಟಿಯನ್ನು ಸಮವಾಗಿ ಕೂರಿಸದೆ, ಹಿಂದಕ್ಕೆ ಒಂದಿಷ್ಟೇ ಇಳಿಸಿದ್ದಾರೆ. ಎಷ್ಟು ಎಂದರೆ, “ಉಣಸೆ ಎಲೆ ದಪ್ಪ” ಎನ್ನುತ್ತಾರೆ. ಕಣ್ಣಿಗೆ ಕಾಣದ ಇಳಿಜಾರು. ಮುಂದಿನ ತುದಿಯಲ್ಲಿ ತುಟಿಯಂಥ ಸಣ್ಣ ಉಬ್ಬು. ಸೊರುಗನ್ನು ಕೊಂಚ ಎತ್ತಿ ಎಳೆದರಷ್ಟೇ ಹೊರಗೆ ಬರುತ್ತದೆ. ಮೇಲೆ ಜೇನುಮೇಣ ಉಜ್ಜಿದ್ದಾರೆ. ಬೆರಳು ಸೋಕಿಸಿದರೆ ಸಾಕು, ಸೊರುಗು ತಾನೇ ಒಳಗೆ ಹೋಗುತ್ತದೆ. ಸದ್ದಿಲ್ಲ. ಕಾವ್ಯ ಓದುವವರು ಪದ್ಯದ ನಡುವೆ ಕೇಳುಗರಿಗೆ ತಿಳಿಯದಂತೆ ಉಸಿರು ತೆಗೆದುಕೊಳ್ಳುತ್ತಾರಲ್ಲ, ಹಾಗೆ. ಅದನ್ನು ನೋಡಿದವರ ಕೈ ತಾನಾಗಿ ಎದೆಗೆ ಹೋಗುತ್ತದೆ.

ಆದರೂ ಅಜ್ಜಿಗೆ ನಂಬಿಕೆ ಬೇಡವೆ? “ಭೂಮಿ ಅಲ್ಲಾಡ್ಸಿ ತೋರ್ಸೋಕೆ ನನ್ ಕೈಲಾಯ್ತದಾ?” ಎಂದ ಕದಿರಪ್ಪ, ಸೊರುಗಿನಲ್ಲಿ ಗುಂಡುಕಲ್ಲಿಟ್ಟು ಅದರ ಕೆಳಗೆ ತಾವೇ ಕೂತರು. ಅಂದಿನಿಂದ ಬೆಳಗಿನ ಕೆಲಸವೆಲ್ಲ ಇಲ್ಲೇ. ಬೇರೆ ಮನೆಗಳ ಪಟ್ಟಿಗಳನ್ನೂ ಈ ಕಲ್ಲಿನ ಕೆಳಗೆ ಕೂತೇ ಕೀಸುತ್ತಾರೆ. ಹೆಂಡತಿ ಮುನಿರತ್ನಮ್ಮನಿಗೆ ಇದಿನ್ನೂ ಗೊತ್ತಿಲ್ಲ.

“ಗೊತ್ತಾದ್ರೆ ಕಲ್ಲು ಅವ್ಳೇ ನನ್ ತಲೆ ಮೇಲೆ ಎತ್ತಾಕ್ತಾಳೆ,” ಎಂದು ಲೋಟ ಎತ್ತುತ್ತಾರೆ.

ಕಾಪಿ ತುಟಿಗೆ ತಾಗುವುದಿಲ್ಲ. ನೆಲದೊಳಗಿಂದ ಗುಡುಗಿನಂಥದ್ದು ಏಳುತ್ತದೆ. ಗೂಡಿನಲ್ಲಿದ್ದ ಚೆಂಬು ಉರುಳುತ್ತದೆ, ಹೆಂಚಿನ ಸಂದಿಯಿಂದ ಮಣ್ಣು ಸುರಿಯುತ್ತದೆ. ಸೊಸೆ ಕೂಸನ್ನು ಅವುಚಿಕೊಂಡು ಬಾಗಿಲಿಗೆ ಓಡುತ್ತಾಳೆ. “ಆಚಾರೀ, ಏಳೋ!” ಎಂದು ಮಾರಿಯಮ್ಮ ಚೀರುತ್ತಾರೆ. ಕದಿರಪ್ಪ ಏಳುವುದಿಲ್ಲ. ಕತ್ತು ಎತ್ತಿ ಸೊರುಗನ್ನೇ ನೋಡುತ್ತಾರೆ. ಒಳಗೆ ಕಲ್ಲು ಒಮ್ಮೆ ಹಿಂದಕ್ಕೆ ಉರುಳಿದ ಸದ್ದು. ಆಮೇಲೆ ಎಲ್ಲ ನಿಲ್ಲುತ್ತದೆ.

ಲೈನಿನ ಹೆಂಗಸರೆಲ್ಲ ಹೊರಗೆ ಬಂದು ಗಣಿಯ ಬಾಯಿಯ ಕಡೆ ಕಿವಿಗೊಟ್ಟು ನಿಲ್ಲುತ್ತಾರೆ. ಅಪಾಯದ ಸೈರನ್ ಕೂಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಜಗುಲಿಯಲ್ಲಿ ಮಲಗಿದ್ದ ಮಾರಿಯಮ್ಮನ ಮಗ ಕುಪ್ಪುಸ್ವಾಮಿ ಎದ್ದು ಕೂತು, “ಸಣ್ಣದೇಮ್ಮಾ, ಏನಿಲ್ಲ,” ಎಂದಾಗ ಎಲ್ಲರಿಗೂ ಉಸಿರು ಬರುತ್ತದೆ.

ಮಾರಿಯಮ್ಮ ಒಳಗೆ ಬಂದು ಸೊರುಗನ್ನು ನೋಡುತ್ತಾರೆ. ಕೂದಲೆಳೆಯಷ್ಟೂ ಮುಂದೆ ಬಂದಿಲ್ಲ. ಕಪಾಟಿಗೆ ಕೈಮುಗಿದು, ಮೂಲೆಯ ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಕದಿರಪ್ಪ ಎದ್ದ ಜಾಗವನ್ನು ಗುಡಿಸಿ ಹಾಸುತ್ತಾರೆ. ಸೊಸೆಯ ಕೈಯಿಂದ ಕೂಸನ್ನು ತಾವೇ ತೆಗೆದುಕೊಂಡು ಮಲಗಿಸುತ್ತಾರೆ.

“ಏನು ಬೇಕು ಕೇಳಪ್ಪಾ,” ಎನ್ನುತ್ತಾರೆ.

“ಏನೂ ಬ್ಯಾಡ ಅಮ್ಮಣ್ಣಿ. ಮಗು ನಿದ್ದೆ ಓಗ್ಲಿ, ಒಂದ್ಸಲ ತೆಗೆದು ಮುಚ್ಚಿ ಓಯ್ತೀನಿ.”

ಕೂಸು ಮಲಗುವ ತನಕ ಕಾಯುತ್ತಾರೆ. ಸೊರುಗನ್ನು ಕೊಂಚ ಎತ್ತಿ ಹೊರಗೆಳೆದು, ಕಲ್ಲು ತೆಗೆದು, ಬೆರಳ ತುದಿಯಿಂದ ಒಳಕ್ಕೆ ಬಿಡುತ್ತಾರೆ. ಬಗ್ಗಿ ಮಗುವಿನ ರೆಪ್ಪೆ ನೋಡುತ್ತಾರೆ. ಆಮೇಲೆ ಚೀಲ ಹೆಗಲಿಗೇರಿಸಿ, ಪಿಸುದನಿಯಲ್ಲಿ ಹೇಳುತ್ತಾರೆ:

“ಎಚ್ಚರಾಗ್ಲಿಲ್ಲ, ನೋಡಿದ್ರಾ?”